ಕಲ್ಲುಸಕ್ಕರೆ ರೌಂಡ್ಸು

ವರ್ಷಿಣಿಗೆ ಎಲ್ಲದರಲ್ಲೂ ಅವಸರ, ಮಾತಿನಲ್ಲಂತೂ ವಿಪರೀತ. ಅವಳು ಹುಟ್ಟಿದ್ದೇ ಡಾಕ್ಟರು ಕೊಟ್ಟ ದಿನಕ್ಕಿಂತ ಮುಂಚೆಯಂತೆ. ಈ ಸಂಗತಿಯನ್ನು ಅವಳ ಅಮ್ಮ ವಸಂತಮ್ಮ ಇವತ್ತಿನವರೆಗೂ ಪೂರ್ತಿಯಾಗಿ ಹೇಳಿದ್ದಿಲ್ಲ. "ನೀನು ಹುಟ್ಟಿದಾಗ" ಎನ್ನುವಷ್ಟರಲ್ಲಿ "ಮಳೆ ಬರ್ತಿತ್ತು, ಆಟೊ ಸಿಗ್ಲಿಲ್ಲ, ಗೊತ್ತಮ್ಮ" ಎಂದು ಮಗಳೇ ಮುಗಿಸಿ, ಸ್ಕೂಟರ್ ಕೀಲಿ ಹಿಡಿದು ಬಾಗಿಲ ಬಳಿ ಇರುತ್ತಾಳೆ.

ಕುವೆಂಪುನಗರದ ಅವರ ರಸ್ತೆಯಲ್ಲಿ ಅವಳ ಓದು ಒಂದು ಸಾರ್ವಜನಿಕ ವಿಷಯ. ಎಂ.ಬಿ.ಬಿ.ಎಸ್. ಮುಗಿಯಿತು, ಸಿಹಿ ಹಂಚಿದರು. ಮಕ್ಕಳ ವೈದ್ಯದಲ್ಲಿ ಎಂ.ಡಿ. ಆಯಿತು, ಮತ್ತೆ ಸಿಹಿ ಹಂಚಿದರು. ಆಮೇಲೂ ಅವಳು ಬೆಳಗಾಗೆದ್ದು ಚೀಲ ಹೆಗಲಿಗೇರಿಸಿಕೊಂಡು ಹೊರಟಾಗ ಎದುರು ಮನೆಯ ಪುಟ್ಟಸ್ವಾಮಿಯವರಿಗೆ ತಡೆಯಲಾಗಲಿಲ್ಲ. "ಇನ್ನೂ ಓದೇ ಮುಗ್ದಿಲ್ವೇನಮ್ಮ?" ಎಂದು ಕೇಳಿಯೇಬಿಟ್ಟರು. ಇದು ಫೆಲೋಶಿಪ್ಪು, ಆಸ್ಪತ್ರೆಗೆ ಸೇರಿದ ಮಕ್ಕಳನ್ನು ಸೇರಿದ ಗಳಿಗೆಯಿಂದ ಮನೆಗೆ ಹೋಗುವ ತನಕ ನೋಡಿಕೊಳ್ಳುವುದನ್ನೇ ಕಲಿಸುವ ಎರಡು ವರ್ಷದ ತರಬೇತಿ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಪುಟ್ಟಸ್ವಾಮಿಯವರು ತಲೆಯಾಡಿಸಿ, ಅರ್ಥವಾಗದವರು ಸಾಮಾನ್ಯವಾಗಿ ಹೇಳುವ ಹಾಗೆ, "ಒಳ್ಳೇದಾಗ್ಲಿ" ಎಂದರು.

ಒಳ್ಳೆಯದಾಗುವುದು ಡಾಕ್ಟರ್ ಚಂದ್ರಮೌಳಿಯವರ ಕೈಯಲ್ಲಿತ್ತು. ಕೈಯಲ್ಲಿ ಎನ್ನುವುದಕ್ಕಿಂತ ಬಾಯಲ್ಲಿ ಎನ್ನುವುದೇ ಸರಿ.

ಚಂದ್ರಮೌಳಿಯವರು ಆ ಮಕ್ಕಳ ವಾರ್ಡಿನ ಮುಖ್ಯಸ್ಥರು, ಫೆಲೋಗಳಿಗೆ ಗುರುಗಳು ಮತ್ತು ಮೈಸೂರಿನ ಮಹಾ ಮಾತುಗಾರರಲ್ಲಿ ಒಬ್ಬರು. ಒಂದು ಮಗುವಿನ ಕೆಮ್ಮು ಹಿಡಿದು ಹೊರಟರೆ ಕಾಫಿ ಆರಿ ತಣ್ಣಗಾಗುವವರೆಗೂ ಮಾತಾಡಬಲ್ಲವರು. ತಮ್ಮ ಈ ಗುಣ ಅವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಫೆಲೋ ಒಬ್ಬರು ತಾವಾಗಿ ರೌಂಡ್ಸು ನಡೆಸುವ ಪರೀಕ್ಷೆಯ ದಿನ ಅವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಮಾರ್ಕೆಟ್ಟಿನ ಗ್ರಂಧಿಗೆ ಅಂಗಡಿಯಿಂದ ತಂದ ಕಲ್ಲುಸಕ್ಕರೆಯ ಸ್ಟೀಲು ಡಬ್ಬಿ ತೆಗೆದು, ಅದರಲ್ಲಿ ದೊಡ್ಡ ಹರಳನ್ನು ಆರಿಸಿ ಬಾಯಿಗೆ ಹಾಕಿಕೊಂಡು ಮಗುವಿನ ಹಾಸಿಗೆಯ ಪಕ್ಕ ಕೂತುಬಿಡುವುದು. ಹರಳು ತಾನಾಗಿ ಕರಗುವವರೆಗೆ ಅವರು ಮಾತಾಡದಿದ್ದರೆ ಫೆಲೋ ಪಾಸು. ನಡುವೆ ತಡೆಯಲಾರದೆ ಅದನ್ನು ಕಡಿದು ನುಂಗಿ ಮಾತಿಗೆ ಇಳಿದರೆ ಇಲ್ಲ. ಆ ಕಟಂ ಎನ್ನುವ ಸದ್ದಿಗೆ ಫೆಲೋಗಳು ಕನಸಿನಲ್ಲೂ ಬೆಚ್ಚುತ್ತಿದ್ದರು.

ವರ್ಷಿಣಿಯ ಪಾಲಿಗೆ ಎರಡು ಸಲ ಕಟಂ ಆಗಿತ್ತು. ಮೊದಲನೆಯ ಸಲ ಉಬ್ಬಸದ ಹುಡುಗನೊಬ್ಬನ ಹಾಸಿಗೆಯ ಬಳಿ. ಅವನ ಅಮ್ಮ "ಅಲ್ಲ ಡಾಕ್ಟ್ರೇ, ಇದನ್ನ ಸ್ಕೂಲಲ್ಲಿ" ಎಂದು ಶುರು ಮಾಡಿದ್ದೇ ತಡ, ವರ್ಷಿಣಿ ಸ್ಕೂಲಿನ ಧೂಳು, ಸೀಮೆಸುಣ್ಣ, ಆಟದ ಪೀರಿಯಡ್ಡು ಎಲ್ಲವನ್ನೂ ವಿವರಿಸಿದಳು. ಆಕೆ ಕೇಳಬೇಕೆಂದಿದ್ದುದು ಬೇರೇನೋ. ಅದು ಏನೆಂದು ಯಾರಿಗೂ ತಿಳಿಯಲಿಲ್ಲ, ಅಷ್ಟರಲ್ಲಿ ಕಟಂ. ತನ್ನ ವಿವರಣೆ ಸಾಲದಾಯಿತೆಂದು ತಿಳಿದ ವರ್ಷಿಣಿ ಎರಡನೆಯ ಸಲಕ್ಕೆ ಇನ್ನಷ್ಟು ಓದಿಕೊಂಡು ಬಂದಳು. ಆಗ ಇನ್ನೂ ಬೇಗ ಕಟಂ ಆಯಿತು. ಕಾರಣ ಕೇಳಿದರೆ ಗುರುಗಳು, ಅಷ್ಟು ಮಾತಾಡುವ ಮನುಷ್ಯ, ಅದೊಂದನ್ನು ಮಾತ್ರ ಹೇಳುತ್ತಿರಲಿಲ್ಲ. "ಹುಡುಕ್ಕೊ ಕಣಮ್ಮ" ಎನ್ನುತ್ತಿದ್ದರು.

ಮೂರನೆಯ ಸಲವೂ ಕಟಂ ಎಂದರೆ ಮತ್ತೆ ಆರು ತಿಂಗಳು ತರಬೇತಿ. ಅಷ್ಟರಲ್ಲಿ ಹುಣಸೂರಿನ ಕಡೆ ಹೊಸದಾಗಿ ತೆರೆಯುವ ಮಕ್ಕಳ ವಾರ್ಡಿಗೆ ಬೇರೆಯವರು ಬಂದಿರುತ್ತಾರೆ. ಆ ವಾರ್ಡು ತನ್ನದಾಗಬೇಕೆಂದು ವರ್ಷಿಣಿಗೆ ತುಂಬಾ ಆಸೆ. ಎಲ್ಲಿ ತೊಟ್ಟಿಲು, ಎಲ್ಲಿ ತಾಯಂದಿರು ಕೂರುವ ಕುರ್ಚಿ, ಗೋಡೆಗೆ ಯಾವ ಬಣ್ಣ ಎಂಬುದನ್ನೆಲ್ಲ ಅವಳು ಮನಸ್ಸಿನಲ್ಲೇ ಮುಗಿಸಿಬಿಟ್ಟಿದ್ದಳು. ಅವಳ ಸ್ವಭಾವವೇ ಅದು, ಎಲ್ಲವನ್ನೂ ಮುಂಚೆಯೇ ಮುಗಿಸಿಬಿಡುವುದು.

ಮೂರನೆಯ ಪರೀಕ್ಷೆಗೆ ಗುರುಗಳು ಆರಿಸಿದ್ದು ಇಲವಾಲದ ಧರಣಿಯನ್ನು.

ಧರಣಿಗೆ ಏಳು ವರ್ಷ. ಅವಳ ಅಪ್ಪ ಸಿದ್ದು ಸರಸ್ವತಿಪುರಂ ಕಡೆ ಆಟೊ ಓಡಿಸುತ್ತಾನೆ, ಅಮ್ಮ ಪದ್ಮಾವತಿಗೆ ಗಾರ್ಮೆಂಟ್ಸ್ ಕೆಲಸ. ಹೀಗಾಗಿ ಆಸ್ಪತ್ರೆಯಲ್ಲಿ ಜೊತೆಗಿದ್ದುದು ಅಜ್ಜಿ ಮಂಚಮ್ಮ. ಮೂತ್ರದಲ್ಲಿ ಪ್ರೋಟೀನು ಹರಿದುಹೋಗಿ ಮೈ ಊದಿಕೊಳ್ಳುವ ಕಾಯಿಲೆ ಹುಡುಗಿಗೆ. ಕಣ್ಣು ಸಣ್ಣದಾಗಿ, ಕೆನ್ನೆ ಬನ್ನಿನಂತೆ ಉಬ್ಬಿತ್ತು. ಇದಕ್ಕೆ ಕೊಡುವ ಮಾತ್ರೆಗೆ ಹೆಚ್ಚಿನ ಮಕ್ಕಳ ಊತ ಕೆಲವು ವಾರಗಳಲ್ಲೇ ಇಳಿದುಬಿಡುತ್ತದೆ. ಧರಣಿಯದು ಒಂದೂವರೆ ತಿಂಗಳಾದರೂ ಇಳಿದಿರಲಿಲ್ಲ. ಮನೆಯಲ್ಲಿ ದಿನವೂ ಬೆಳಿಗ್ಗೆ ಅಜ್ಜಿಯೇ ಮಾತ್ರೆ ಕೊಟ್ಟಿದ್ದರು. ವಾರ್ಡಿಗೆ ಬಂದ ಮೇಲೂ ಸಿಸ್ಟರ್ ಮಂಜುಳಮ್ಮ ತಂದುಕೊಟ್ಟರೆ ಅಜ್ಜಿಯೇ ತಿನ್ನಿಸುತ್ತಿದ್ದರು. ಮಾತ್ರೆಗೆ ಬಗ್ಗದ ಕಾಯಿಲೆ ಇದು, ಬೆನ್ನಿನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಬೇಕು ಎಂದು ವರ್ಷಿಣಿ ತೀರ್ಮಾನಿಸಿದ್ದಳು. ಸೋಮವಾರಕ್ಕೆ ಅದು ನಿಗದಿಯೂ ಆಗಿತ್ತು.

ಮಂಚಮ್ಮನದು ವರ್ಷಿಣಿಗೆ ತದ್ವಿರುದ್ಧವಾದ ಮಾತು. ಅವರು ಯಾವುದನ್ನೂ ನಡುವಿನಿಂದ ಶುರು ಮಾಡುವವರಲ್ಲ. ಹಿತ್ತಲಿನಿಂದ ಹೊರಟು, ಬೀದಿ ಸುತ್ತಿ, ಆಮೇಲೆ ಮನೆ ಬಾಗಿಲಿಗೆ ಬರುವವರು. ಸೇರಿದ ದಿನವೇ ಅವರು ಹೇಳಲು ಹೊರಟಿದ್ದರು.

"ಮಾತ್ರೇನ ಬಾಳೆಣ್ಣಲ್ಲಿ ಇಟ್ಟು ಕೊಡ್ತೀನಿ ಕಣವ್ವ. ಆದ್ರೆ ಈ ಮಗ ಅದ್ನ..."

"ಬಾಳೆಹಣ್ಣು ಧಾರಾಳವಾಗಿ ಕೊಡಿ ಅಜ್ಜಿ, ಏನೂ ತೊಂದ್ರೆ ಇಲ್ಲ" ಎಂದಳು ವರ್ಷಿಣಿ.

ಮರುದಿನ ಅಜ್ಜಿ ಮತ್ತೆ ಪ್ರಯತ್ನಿಸಿದರು. "ನಮ್ಮನೇಲಿ ಒಂದು ಉಂಜ ಅದೆ ಕಣವ್ವ, ಅದು..."

"ಕೋಳಿ, ಮೊಟ್ಟೆ ಎರಡೂ ಕೊಡಬೋದು ಅಜ್ಜಿ. ಉಪ್ಪು ಮಾತ್ರ ಕಮ್ಮಿ ಇರ್ಲಿ."

ತಮ್ಮ ಹುಂಜವನ್ನು ಕೊಯ್ಯಲು ಅಪ್ಪಣೆ ಸಿಕ್ಕಿದ್ದು ನೋಡಿ ಮಂಚಮ್ಮ ಕಕ್ಕಾಬಿಕ್ಕಿಯಾಗಿ ಸುಮ್ಮನಾದರು. ದೊಡ್ಡ ಓದು ಓದಿದವರ ಬಳಿ ಹುಂಜದ ಮಾತು ಬೇಡವೆಂದುಕೊಂಡರೋ ಏನೋ.

ಶನಿವಾರ ಬೆಳಿಗ್ಗೆ ರೌಂಡ್ಸು. ವರ್ಷಿಣಿ ನಸುಕಿನಲ್ಲೇ ಎದ್ದು ಓದಿದ್ದಳು, ಇಡ್ಲಿ ತಿನ್ನುವಾಗಲೂ ಕಿಡ್ನಿಯ ವಿಷಯವನ್ನೇ ಗುನುಗುತ್ತಿದ್ದಳು. "ಇವತ್ತು ಸಂಜೆ ನಾನು" ಎಂದು ವಸಂತಮ್ಮ ಏನೋ ಹೇಳಹೊರಟರೆ "ಚಟ್ನಿ ಸಾಕಮ್ಮ" ಎಂದು ಎದ್ದು ಹೋದಳು. ವಾರ್ಡಿನಲ್ಲಿ ಧರಣಿಯ ಹಾಸಿಗೆಯ ಬಳಿ ಎಲ್ಲರಿಗಿಂತ ಮೊದಲೇ ಹೋಗಿ ನಿಂತಳು. ಚಂದ್ರಮೌಳಿಯವರು ಬಂದರು, ಕುರ್ಚಿ ಎಳೆದುಕೊಂಡು ಕೂತರು, ಡಬ್ಬಿ ತೆಗೆದರು. ಅಂದು ಆರಿಸಿದ ಹರಳು ಹಿಂದಿನ ಎರಡು ಸಲಕ್ಕಿಂತ ದೊಡ್ಡದಾಗಿತ್ತು. ಅದನ್ನು ಬಾಯಿಗೆ ಹಾಕಿಕೊಂಡು, ಶುರುವಾಗಲಿ ಎಂದು ಕೈಸನ್ನೆ ಮಾಡಿದರು.

ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಧರಣಿಗೆ ಅದು ನ್ಯಾಯವೆನಿಸಲಿಲ್ಲ. "ಅವ್ರೊಬ್ರೇ ತಿಂತಾರಾ? ಡಾಕ್ಟ್ರಕ್ಕಂಗೂ ಕೊಡಿ" ಎಂದಳು.

ಆ ವಾರ್ಡಿನಲ್ಲಿ ಮಗುವಿನ ಹಾಸಿಗೆಯ ಬಳಿ ಮಗುವಿನ ಮಾತಿಗೆ ಬೆಲೆ ಹೆಚ್ಚು, ಗುರುಗಳೇ ಮಾಡಿದ ಕಟ್ಟಳೆ. ಬಾಯಿ ತುಂಬಿದ್ದ ಗುರುಗಳು ಮಾತಿಲ್ಲದೆ ಡಬ್ಬಿಯನ್ನು ವರ್ಷಿಣಿಯ ಮುಂದೆ ಹಿಡಿದರು. ಬೇಡವೆಂದರೆ ಮಗು ಬೇಜಾರು ಮಾಡಿಕೊಂಡೀತು, ಹೂಂ ಎಂದರೆ ಪರೀಕ್ಷೆ ಕೆಟ್ಟೀತು. ವರ್ಷಿಣಿ ದೇವರ ಮೇಲೆ ಭಾರ ಹಾಕಿ ಒಂದು ಹರಳು ಬಾಯಿಗೆ ಹಾಕಿಕೊಂಡಳು. ಅದೂ ಸಣ್ಣದಾಗಿರಲಿಲ್ಲ. "ಹೇಳಿ ಅಜ್ಜಿ, ಮಗು ಹೇಗಿದ್ದಾಳೆ" ಎಂದು ಕಷ್ಟಪಟ್ಟು ಕೇಳಿದಳು. ಅದಕ್ಕಿಂತ ಹೆಚ್ಚು ಮಾತಾಡಿದರೆ ಜೊಲ್ಲು ಸೋರುವ ಹಾಗಿತ್ತು.

ಮಂಚಮ್ಮ ಒಂದು ಗಳಿಗೆ ಕಾದರು. ಡಾಕ್ಟರಮ್ಮ ಉತ್ತರವನ್ನೂ ತಾವೇ ಹೇಳುವುದು ವಾಡಿಕೆಯಲ್ಲವೇ. ಯಾರೂ ಏನೂ ಹೇಳದಿದ್ದಾಗ ಸೆರಗು ಸರಿಮಾಡಿಕೊಂಡು ಹಿತ್ತಲಿನಿಂದ ಹೊರಟರು.

"ಮಗ ಅಂಗೇ ಅವಳೆ ಕಣವ್ವ, ಊತ ಇಳಿದಿಲ್ಲ. ನಂಗೆ ಈಗ ಆ ಉಂಜದ್ದೇ ಯೋಚ್ನೆ. ಈ ಮಗೀಗೂ ಅದ್ಕೂ ಬಲು ದೋಸ್ತಿ. ಇವಳು ಮಾತ್ರೆ ತಗೊಳಕ್ಕೆ ಶುರು ಮಾಡ್ದಾಗ್ಲಿಂದ ದಿನಾ ಬೆಳಿಗ್ಗೆ ಬಾಳೆಣ್ಣು ತಿಂದು ಹಿತ್ಲಿಗೆ ಓಡೋಳು, ಅದ್ಕೂ ಒಂದು ತುತ್ತು ಕೊಡೋಳು. ಆ ಉಂಜ ಏನು ತಿನ್ನಕ್ಕೆ ಶುರು ಮಾಡ್ತು ಅಂತೀರಿ! ರಾಗಿ ಹಾಕುದ್ರೂ ಸಾಲದು, ಅಕ್ಕಿ ಹಾಕುದ್ರೂ ಸಾಲದು. ಮೈ ಬಂದು ದುಂಡಗಾಗೋಯ್ತು. ಬೀದಿ ನಾಯಿ ಮ್ಯಾಲೇ ಬೀಳೋದು. ನಾವು ಇಲ್ಲಿಗೆ ಬಂದ್ಮೇಲೆ ಸಿದ್ದು ಫೋನ್ ಮಾಡ್ತಾನೆ, ಅವ್ವಾ ಉಂಜ ಮೇವು ಮುಟ್ತಾ ಇಲ್ಲ, ಮೂಲೇಲಿ ಮುದುರಿಕೊಂಡು ಕೂತದೆ ಅಂತ. ಮಗೀನ ನೆನಸ್ಕೊಂಡು ಸೊರಗ್ತಾ ಅದೆ ಕಣವ್ವ."

ವರ್ಷಿಣಿಯ ನಾಲಗೆ ತುದಿಯಲ್ಲಿ ನಾಲ್ಕು ಉತ್ತರಗಳು ಸಿದ್ಧವಾಗಿದ್ದವು. ಕಲ್ಲುಸಕ್ಕರೆ ಅವುಗಳಿಗೆ ಅಡ್ಡ ಕೂತಿತ್ತು. ಅದನ್ನು ಬಲಗೆನ್ನೆಗೆ ತಳ್ಳಿ ಮಾತಿಗೆ ಜಾಗ ಮಾಡಿಕೊಳ್ಳಲು ನೋಡಿದಳು.

ಧರಣಿ ಮುಂದಕ್ಕೆ ಬಾಗಿ ಅವಳ ಕೆನ್ನೆಯನ್ನೇ ನೋಡಿದಳು. ಬಲ್ಲವರು ಕಲಿಯುವವರನ್ನು ನೋಡುವ ಹಾಗೆ ನೋಡಿದಳು.

"ಅಂಗಲ್ಲ ಅಕ್ಕ, ಇಟ್ಕೊಂಡಿರೋದು ಕಾಣ್ತದೆ. ಹಿಂದಿನ ಹಲ್ಲಿನ ಪಕ್ಕ, ಮ್ಯಾಲಕ್ಕೆ ಇಟ್ಕೋಬೇಕು. ಆಮೇಲೆ ನೀರು ಕುಡುದ್ರೂ ಹೋಗಲ್ಲ."

ಮಂಜುಳಮ್ಮ ಕೈಯಲ್ಲಿದ್ದ ಬಿ.ಪಿ. ಪಟ್ಟಿಯನ್ನು ಹಾಗೇ ಹಿಡಿದು ನಿಂತರು. ಯಾರೂ ಗದರದಿದ್ದುದನ್ನು ಕಂಡು ಹುಡುಗಿ ಪಾಠ ಮುಂದುವರಿಸಿದಳು. "ಬಾಳೆಹಣ್ಣಿನ ತುಂಡಲ್ಲಿ ಇದ್ರೆ ಇನ್ನೂ ಸುಲಭ, ಕಹಿ ಗೊತ್ತಾಗಲ್ಲ. ಊರಲ್ಲಿ ಹುಂಜಕ್ಕೆ ಹಾಕ್ತಿದ್ದೆ. ಇಲ್ಲಿ ಕಿಟಕಿ ಹತ್ರ ಪಾರಿವಾಳ ಬರ್ತದೆ."

ಕಟಂ.

ಹುಣಸೂರಿನ ವಾರ್ಡು, ಅದರ ತೊಟ್ಟಿಲು, ಗೋಡೆಯ ಬಣ್ಣ ಎಲ್ಲವೂ ಒಮ್ಮೆಲೇ ವರ್ಷಿಣಿಯ ಕಣ್ಣ ಮುಂದೆ ಬಂದು ಹೋದವು. ಹೆದರುತ್ತಲೇ ಗುರುಗಳ ಕಡೆ ತಿರುಗಿದಳು. ಚಂದ್ರಮೌಳಿಯವರು ಬಾಯಿ ತೆರೆದು, ತೋರುಬೆರಳಿನಿಂದ ತಮ್ಮ ನಾಲಗೆಯನ್ನು ತೋರಿಸಿದರು. ಅವರ ಹರಳು ಇನ್ನೂ ಇಡಿಯಾಗಿ ಅಲ್ಲೇ ಇತ್ತು. ಕಡಿದಿದ್ದು ಅವಳೇ.

ಬಾಯಿ ಈಗ ಖಾಲಿಯಾಗಿತ್ತು, ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಅವಳು ಮಾತಾಡಲಿಲ್ಲ. ಒಂದು ಮಾತ್ರೆಯೂ ಹೊಟ್ಟೆಗೆ ಹೋಗದ ಮಗುವಿಗೆ ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಬರೆದಿದ್ದಳು. ಊದಿದ ಕೆನ್ನೆಯೊಳಗೆ ಬಚ್ಚಿಟ್ಟದ್ದು ಕಾಣಲಿಲ್ಲ, ಸರಿ, ಆದರೆ ಅಜ್ಜಿ ಎರಡು ಸಲ ಹೇಳಲು ಬಂದಿದ್ದರು. ಸೋಮವಾರ ಆ ಎಳೆಯ ಬೆನ್ನಿಗೆ ಸುಮ್ಮಸುಮ್ಮನೆ ಸೂಜಿ ಇಳಿಯುತ್ತಿತ್ತು. ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಂಚದ ಅಂಚಿನಲ್ಲಿ ಕೂತು ಹುಡುಗಿಯ ಕೈ ಹಿಡಿದುಕೊಂಡಳು.

"ಆಮೇಲೆ?" ಎಂದಳು.

ಈ ಒಂದು ಪದವನ್ನು ಅವಳ ಬಾಯಿಂದ ಆ ವಾರ್ಡಿನಲ್ಲಿ ಯಾರೂ ಕೇಳಿರಲಿಲ್ಲ. ಆಮೇಲಿನದನ್ನು ಧರಣಿ ಹೇಳಿದಳು. ಮಾತ್ರೆ ತುಂಬಾ ಕಹಿ, ಒಂದು ಸಲ ವಾಂತಿಯಾಗಿತ್ತು, ಮತ್ತೆ ವಾಂತಿಯಾದರೆ ಅಜ್ಜಿ ಅಳುತ್ತದೆ. ಅಷ್ಟೇ ಕಾರಣ. ಮಂಚಮ್ಮ ಮೊಮ್ಮಗಳ ತಲೆಗೆ ಒಂದು ಮೊಟಕಲು ಕೈ ಎತ್ತಿದವರು ಕೊನೆಗೆ ತಲೆ ಸವರಿದರು. ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು. "ಅಂಗಾದ್ರೆ ಆ ಉಂಜಕ್ಕೆ ಏನಾಗದೆ?" ಎಂದು ಕೇಳಿದರು. ಈ ಮಾತ್ರೆ ತಿಂದರೆ ಹಸಿವೂ ಸಿಟ್ಟೂ ಏರುತ್ತವೆ, ದಿನವೂ ತಿಂದ ಔಷಧಿ ಒಮ್ಮೆಲೇ ನಿಂತುಹೋದರೆ ಹೀಗೆ ಮಂಕಾಗುವುದುಂಟು, ದನದ ಡಾಕ್ಟರಿಗೆ ತೋರಿಸಲು ಸಿದ್ದುವಿಗೆ ಹೇಳಿ ಎಂದಳು ವರ್ಷಿಣಿ. ಅಜ್ಜಿಯ ಪ್ರಶ್ನೆ ಪೂರ್ತಿ ಮುಗಿದ ಮೇಲೆಯೇ ಹೇಳಿದಳು.

ರೌಂಡ್ಸು ಮುಗಿದು ಹೊರಗೆ ಬಂದಾಗ ವರ್ಷಿಣಿ ಕೇಳಿದಳು, "ಸಾರ್, ನಾನು ಪಾಸಾ?"

ಚಂದ್ರಮೌಳಿಯವರ ಬಾಯಲ್ಲಿ ಇನ್ನೂ ಒಂದು ಚೂರು ಉಳಿದಿತ್ತು. ತಾಳು ಎಂದು ಕೈ ಎತ್ತಿದರು. ಅವಳು ಗೋಡೆಗೆ ಒರಗಿ ಕಾದಳು. ಮಂಜುಳಮ್ಮ ಎರಡು ಸಲ ಓಡಾಡಿದರು, ಕಾಫಿಯ ಗಾಡಿ ಬಂದು ಹೋಯಿತು. ಕೊನೆಗೆ ಗುರುಗಳು ನಾಲಗೆ ಸವರಿಕೊಂಡರು.

"ನನ್ನ ಉತ್ತರಾನೂ ನೀನೇ ಹೇಳ್ಬುಡ್ತೀಯಾ ಅಂತ ನೋಡ್ತಿದ್ದೆ ಕಣಮ್ಮ. ಹೇಳ್ಲಿಲ್ಲ. ಹೋಗು, ಹುಣಸೂರಿನವರಿಗೆ ಫೋನ್ ಮಾಡು."

"ಹುಂಜದ ವಿಷಯ ನಿಮಗೆ ಮೊದ್ಲೇ ಗೊತ್ತಿತ್ತಾ ಸಾರ್?"

"ಗೊತ್ತಿದ್ದಿದ್ರೆ ಬಾಯಿಗೆ ಕಲ್ಲು ಹಾಕ್ಕೊಂಡು ಕೂತಿರ್ತಿದ್ನಾ? ನಾನೂ ಬಾಳೆಹಣ್ಣು ಕೊಡಬೋದು ಅಂತ್ಲೇ ಹೇಳಿದ್ದೆ." ಅಷ್ಟು ಹೇಳಿ ಅವರು ಬಾಳೆಹಣ್ಣಿನ ತಳಿಗಳ ಬಗ್ಗೆ ಶುರು ಮಾಡಿದರು. ಆ ಕಥೆ ಮಧ್ಯಾಹ್ನದವರೆಗೂ ನಡೆಯಿತು.

ಸೂಜಿಯ ಮಾತು ರದ್ದಾಯಿತು. ಮಾತ್ರೆಯನ್ನು ಪುಡಿಮಾಡಿ ಜೇನುತುಪ್ಪದಲ್ಲಿ ಕಲಸಿ ಕೊಟ್ಟರು. ಪ್ರತಿದಿನ ಧರಣಿ ಬಾಯಿ ಅಗಲಿಸಿ, ನಾಲಗೆ ಎತ್ತಿ, ಎರಡೂ ಕೆನ್ನೆ ಎಳೆದು ತೋರಿಸುತ್ತಿದ್ದಳು. ಊತ ಇಳಿಯಿತು. ಉಬ್ಬಿದ ಮುಖದ ಹಿಂದೆ ಚೂಪು ಗಲ್ಲದ ಬೇರೆಯೇ ಒಬ್ಬ ಹುಡುಗಿ ಇದ್ದಳು.

ಮನೆಗೆ ಹೋಗುವ ದಿನ ಮಂಚಮ್ಮ ಚೀಲ ಕಟ್ಟುತ್ತಾ ಹುಂಜದ ಆರೋಗ್ಯ ಸುಧಾರಿಸಿದ ಕಥೆ ಹೇಳುತ್ತಿದ್ದರು. ದನದ ಡಾಕ್ಟರು ಬಂದದ್ದು, ಬರುವಾಗ ಅವರ ಬೈಕು ಕೈಕೊಟ್ಟದ್ದು, ಆ ಬೈಕು ಹಿಂದೆ ಯಾರದಾಗಿತ್ತು ಎಂಬುದು. ವರ್ಷಿಣಿ ಮಂಚದ ಅಂಚಿನಲ್ಲಿ ಕೂತು ಕೇಳುತ್ತಿದ್ದಳು. ಆ ದಿನದ ಮಾತ್ರೆ ನುಂಗಿ ತಪಾಸಣೆ ಮುಗಿಸಿಕೊಂಡಿದ್ದ ಧರಣಿ ಅವಳನ್ನೇ ಅನುಮಾನದಿಂದ ನೋಡುತ್ತಿದ್ದಳು.

"ಅಕ್ಕ, ನೀವು ಬಾಯ್ ಬುಡಿ ನೋಡನ."

ವರ್ಷಿಣಿ ಬಾಯಿ ತೆರೆದಳು. ಧರಣಿ ಬಗ್ಗಿ ನೋಡಿದಳು, ನಾಲಗೆ ಎತ್ತಿಸಿದಳು, ಎರಡೂ ಕೆನ್ನೆಯ ಸಂದಿ ಪರೀಕ್ಷಿಸಿದಳು.

"ಏನೂ ಇಲ್ಲ. ಮತ್ಯಾಕೆ ಸುಮ್ಮನೆ ಕೂತಿದ್ದೀರಿ?"

"ನಿಮ್ಮಜ್ಜಿ ಮಾತು ಇನ್ನೂ ಮುಗ್ದಿಲ್ಲ ಕಣೇ" ಎಂದಳು ವರ್ಷಿಣಿ.