ಕಂಬಿ ಹಿಡಿದ ಓಟ

ಥೂ, ಯಾರೋ ಗುಟ್ಕಾ ಉಗಿದಿದ್ದಾರೆ, ಓಡುವ ಗೆರೆಯ ಮೇಲೇ, ಸುಣ್ಣದ ಬಿಳಿಯ ಮೇಲೆ ಕೆಂಪಗೆ, ಇನ್ನೂ ಒಣಗಿಲ್ಲ, ಇದರ ಮೇಲೆ ಕಾಲಿಡಬೇಕಲ್ಲ ಎಂದುಕೊಳ್ಳುವಷ್ಟರಲ್ಲಿ ಸೀಟಿ ಊದಿಯೇ ಬಿಟ್ಟರು, ನುಜ್ಹತ್ ಅದನ್ನು ತಪ್ಪಿಸಲು ಬಲಕ್ಕೆ ಹಾರಿದಳು, ಹೋಯಿತು ಅರ್ಧ ಸೆಕೆಂಡು ಯಾರದೋ ಎಂಜಲಿಗೆ. ಎರಡು ಸುತ್ತು, ನಾನೂರು ಮೀಟರ್, ಎರಡು ನಿಮಿಷ — ಬರವಣಿಗೆಯ ಪರೀಕ್ಷೆ ಆಗಿದೆ, ಈ ಓಟವೊಂದು ದಾಟಿದರೆ ಫಾರೆಸ್ಟ್ ಗಾರ್ಡ್ ಕೆಲಸ, ದಾಟದಿದ್ದರೆ ಮನೆ, ಮುಂದಿನ ಸಲಕ್ಕೆ ಅವಳ ವಯಸ್ಸು ಮೀರಿರುತ್ತದೆ. ಶಿರಸಿಯ ಈ ಮೈದಾನವೋ, ದನ ಮೇಯುತ್ತವೆ, ನಾಯಿ ಮಲಗುತ್ತವೆ, ಗಂಡಸರು ಕಾಂಪೌಂಡಿಗೆ ಮುಖ ಮಾಡಿ ನಿಲ್ಲುತ್ತಾರೆ, ಎದುರುಗಾಳಿಯ ತುಂಬ ಅದೇ ವಾಸನೆ, ಬಾಯಿ ತೆರೆದು ಉಸಿರೆಳೆದರೆ ನಾಲಿಗೆಗೇ ಹತ್ತುತ್ತದೆ, ಹಾಗೆಂದು ಜಿಮ್ಮೇನು ಸ್ವರ್ಗವೇ, ತನ್ನೂರು ಯಲ್ಲಾಪುರದ ಉಲ್ಲಾಸನ ಜಿಮ್ಮು, ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು ಹೆಂಗಸರ ಹೊತ್ತು, ಕಾದ ರಬ್ಬರಿನ ನಾತ, ಹಿಂದಿನವರ ಬೆವರು ಆರದ ಹಿಡಿಕೆ, ಎದುರಿಗೆ ಕನ್ನಡಿ, ಅದರಲ್ಲಿ ಏದುಸಿರಿಗೆ ಕುಣಿಯುವ ತನ್ನದೇ ಕೆನ್ನೆ, ಆದರೂ ಅಲ್ಲಿ ಉಗುಳಿಲ್ಲ, ನಾಯಿಯಿಲ್ಲ, ನೋಡುವವರಿಲ್ಲ, ಅದಕ್ಕೇ ಆರು ತಿಂಗಳು ಟ್ರೆಡ್‌ಮಿಲ್ಲಿನ ಮೇಲೇ ಓಡಿದಳು. ಅವಳ ಅಬ್ಬಾ ಲಾರಿ ಓಡಿಸುವವರು, ಮೀಟರಿನ ಮೇಲೆ ಭಾರಿ ನಂಬಿಕೆ, ಒಂದು ನಿಮಿಷ ನಲವತ್ತೆಂಟು ಸೆಕೆಂಡ್ ಎಂದು ಹೊಳೆಯುವ ಅಂಕಿಯ ಫೋಟೋವನ್ನು ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸಿ ಬಂದರು, ನಮ್ಮ ಹುಡುಗಿ ಹನ್ನೆರಡು ಸೆಕೆಂಡ್ ಉಳಿಸ್ತಾಳೆ ನೋಡಿ. ಉಳಿಸ್ತಾಳೆ. ಉಲ್ಲಾಸ ಮೊದಲ ದಿನವೇ ಹೇಳಿದ್ದ, ಮೆಷಿನ್ ಮೇಲೆ ಎದುರುಗಾಳಿ ಇಲ್ಲ ನೋಡಿ, ಬೆಲ್ಟು ತಾನೇ ಹಿಂದೆ ಹೋಗ್ತದೆ, ಒಂದು ಪಾಯಿಂಟ್ ಏರು ಇಟ್ಕೊಳ್ಳಿ, ಎದುರಿಗಿರೋ ಕಂಬಿ ಮಾತ್ರ ಹಿಡಿಬೇಡಿ, ಹಿಡಿದ್ರೆ ಅದು ಓಡಿದ ಲೆಕ್ಕ ಅಲ್ಲ — ಏರನ್ನು ಮೂರು ದಿನ ಇಟ್ಟಳು, ನಾಲ್ಕನೆಯ ದಿನ ಇಳಿಸಿದಳು, ಅವನು ಆಚೆ ತಿರುಗಿದ ಮೇಲೆ ಕಂಬಿಯನ್ನೂ ಹಿಡಿದಳು, ಪೂರ್ತಿ ಅಲ್ಲ, ಎರಡೇ ಬೆರಳು, ಆ ಜಿಗುಟು ಕಂಬಿಗೆ ಕೊಕ್ಕೆಯ ಹಾಗೆ, ಎರಡು ಬೆರಳಿನಿಂದ ಏನಾದೀತು ಎಂದು, ಹಾಕಿದ ಕೂಡಲೇ ಅರ್ಧ ಮೈ ಹಗುರ, ಹದಿಮೂರರ ವೇಗವೂ ಹತ್ತರಂತೆ. ಕಳೆದ ಭಾನುವಾರ ಶಾಲೆಯ ಬಯಲಿನಲ್ಲಿ ಒಬ್ಬಳೇ ಓಡಿ ನೋಡಿದರೆ ಎರಡು ನಿಮಿಷ ಹನ್ನೊಂದು. ಅಬ್ಬಾ ಕೇಳಿದಾಗ ಒಂದು ಐವತ್ತು ಎಂದಳು. ಅವರು ದುವಾ ಮಾಡಿದರು, ಅಮ್ಮಿ ಶಾವಿಗೆ ಖೀರು ಮಾಡಿದಳು, ಆ ಸುಳ್ಳಿನ ಖೀರನ್ನು ತಾನೇ ಎರಡು ಬಟ್ಟಲು ತಿಂದಳು, ಹೇಸಿಗೆ.

ಐವತ್ತೊಂಬತ್ತು ಎಂದು ಯಾರೋ ಕೂಗಿದರು, ಮೊದಲ ಸುತ್ತು ಮುಗಿಯಿತು, ಅಷ್ಟಕ್ಕೇ ಹೊಟ್ಟೆಯೊಳಗಿನ ಹುಳಿ ಗಂಟಲಿಗೆ ಬಂತು, ನುಂಗಿದಳು, ಮತ್ತೆ ಬಂತು, ಇಲ್ಲಿ ನೆಲ ತಾನಾಗಿ ಹಿಂದೆ ಸರಿಯುವುದಿಲ್ಲ, ಒಂದೊಂದು ಹೆಜ್ಜೆಗೂ ಒದ್ದು ತಳ್ಳಬೇಕು, ಒದೆಯುವುದನ್ನು ಈ ಕಾಲು ಯಾವತ್ತು ಕಲಿತಿತ್ತು. ಮುಂದೆ ಪರಿಮಳಾ, ದಾಸನಕೊಪ್ಪದವಳು, ಬೆಳಿಗ್ಗೆ ಸಾಲಿನಲ್ಲಿ ನಿಂತಾಗ ಪರಿಚಯ, ದಿನಾ ಬನವಾಸಿ ರಸ್ತೆಯಲ್ಲಿ ಕೈಯಲ್ಲೊಂದು ಕಲ್ಲು ಹಿಡಿದು ಓಡುತ್ತಾಳಂತೆ, ನಾಯಿಗಳಿಗೆ, ಟ್ರೆಡ್‌ಮಿಲ್ ಕಂಡವಳೇ ಅಲ್ಲ, ಅದರ ಮ್ಯಾಲೆ ಎಷ್ಟ್ ಓಡಿದ್ರೂ ನಿಂತಲ್ಲೇ ಇರ್ತೀವಂತಲ್ರಿ ಅಕ್ಕಾ, ಖರೇ ಏನ್ರಿ, ಎಂದು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಅಣ್ಣನ ಅಂಗಿ ತೊಟ್ಟು ಬಂದಿದ್ದಾಳೆ, ಅಂಗಿ ಬೆನ್ನಿಗೆ ಅಂಟಿದೆ, ಹಿಂದಿನ ಅಂಚು ಮಾತ್ರ ಬಡಿಯುತ್ತಿದೆ, ಅದರಿಂದ ಸಿಡಿದ ಹನಿ ನುಜ್ಹತ್‌ಳ ತುಟಿಗೆ ಬಿತ್ತು, ಬೇರೆಯವರ ಉಪ್ಪು, ಥೂ, ಆದರೂ ಆ ಅಂಚನ್ನು ಬಿಟ್ಟರೆ ಕಣ್ಣಿಗೆ ಬೇರೆ ಏನೂ ಹತ್ತುತ್ತಿಲ್ಲ, ಅದು ದೂರ ಹೋಗುತ್ತಿದೆ, ಒಂದು ಮಾರು, ಒಂದೂವರೆ, ಇಲ್ಲ, ಈಗ ಹತ್ತಿರ, ತಿರುವಿನಲ್ಲಿ ಐವರು ಒಂದೇ ಮುದ್ದೆಯಾಗಿದ್ದಾರೆ, ಧೂಳು, ಮೊಣಕೈ, ಕಂಕುಳಿನ ವಾಸನೆ, ಬೇಲಿಯ ಆಚೆಯಿಂದ ಅಬ್ಬಾನ ದನಿ, ನುಜ್ಜೂ, ಇನ್ನು ಹದಿನೈದೇ ಸೆಕೆಂಡ್ — ಕೈ ಮುಂದೆ ಹೋಯಿತು. ಕಂಬಿ ಇರುವ ಎತ್ತರಕ್ಕೇ ಹೋಯಿತು. ಎರಡೇ ಬೆರಳು. ಸಿಕ್ಕಿತು, ಒದ್ದೆ, ಬೆಚ್ಚಗೆ, ಎಳೆದಳು, ಅರ್ಧ ಮೈ ಹಗುರ, ಪರಿಮಳಾ ಹೆಜ್ಜೆ ತಪ್ಪಿ ವಾಲಿದಳು, ಬೆರಳು ಬಿಟ್ಟಿತು, ನುಜ್ಹತ್ ಅವಳ ಪಕ್ಕದಿಂದ ಹಾಯ್ದು ಗೆರೆ ದಾಟಿದಳು.

ಒಂದು ಐವತ್ತೊಂಬತ್ತು, ಪಾಸ್. ಹಿಂದಿನವಳು ಎರಡು ನಿಮಿಷ ಒಂದು, ಫೇಲ್, ಮೇಜಿನ ಹಿಂದೆ ಕುಳಿತವರು ತಲೆ ಎತ್ತದೆ ಬರೆದುಕೊಂಡರು, ಹತ್ತು ಹೆಜ್ಜೆ ಹೋದರೆ ಆ ಮೇಜು, ಹೋಗಿ ಹೇಳಬಹುದು, ಶಾಯಿ ಇನ್ನೂ ಹಸಿಯಿದೆ, ಹೇಳಿದರೆ ತನ್ನದೂ ಅಳಿಸಿಹೋಗುತ್ತದೆ, ವಯಸ್ಸು ಮುಗಿಯಿತು, ಪರಿಮಳಾಗಾದರೆ ಇಪ್ಪತ್ತೆರಡು, ಇನ್ನೂ ನಾಲ್ಕು ಸಲ ಓಡಬಹುದು, ಎಷ್ಟು ಬೇಗ ಲೆಕ್ಕ ಹಾಕಿತು ಈ ಹಲ್ಕಾ ತಲೆ, ಉಸಿರು ಇನ್ನೂ ತಿರುಗಿಲ್ಲ, ಲೆಕ್ಕ ಮುಗಿದಿದೆ. ಕೈ ತಾನಾಗಿ ಹೋಯಿತು, ಆರು ತಿಂಗಳ ರೂಢಿ, ಅದಕ್ಕೇನು ಗೊತ್ತು ಕಂಬಿ ಯಾವುದು ಅಂಗಿ ಯಾವುದು — ಸುಳ್ಳು, ಒದ್ದೆ ತಾಗಿದಾಗಲೇ ಗೊತ್ತಾಗಿತ್ತು, ಗೊತ್ತಾದ ಮೇಲೆಯೇ ಎಳೆದದ್ದು. ಅಬ್ಬಾ ಬೇಲಿ ದಾಟಿ ಓಡಿ ಬಂದರು, ಹೇಳಿದ್ನಲ್ಲ, ಮೀಟರ್ ಸುಳ್ಳು ಹೇಳೋದಿಲ್ಲ ಎನ್ನುತ್ತ ಅವಳ ಹಣೆಗೆ ಮುತ್ತಿಟ್ಟರು, ಅವಳು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಪರಿಮಳಾ ಮೊಣಕಾಲಿಗೆ ಕೈ ಊರಿ ಉಸಿರಾಡಿ, ತನ್ನ ನೀರಿನ ಬಾಟಲಿಯನ್ನು ಮೊದಲು ಇವಳಿಗೇ ಚಾಚಿದಳು, ಕುಡೀರಿ ಅಕ್ಕಾ, ನಿಮ್ದರ ಆತಲ್ಲ, ನಂಗ ಅಲ್ಲಿ ತಿರುವಿನ್ಯಾಗ ಅಂಗಿ ಎಲ್ಲೋ ಸಿಕ್ಕಂಗಾತ್ರಿ, ಬಯಲಾಗ ಎಲ್ಲಿ ಸಿಕ್ಕೀತು ಹೇಳ್ರಿ, ನನ್ನ ಕಾಲಾ ಸೋತಿರಬೇಕು. ನುಜ್ಹತ್ ಕುಡಿದಳು. ಕುಡಿದೇ ಬಿಟ್ಟಳು, ಎಡಗೈಯಲ್ಲಿ ಹಿಡಿದು, ಗಟಗಟ, ಅಯ್ಯೋ ಹೇಸಿಗೆಯೇ, ಹೇಳು, ಈಗ ಹೇಳು, ಅವಳು ಬಾಟಲಿ ಇಸಿದುಕೊಂಡು ತಿರುಗಿದಳು, ಗೇಟಿನ ಕಡೆ ನಡೆದಳು, ಅಂಗಿಯ ಹಿಂದಿನ ಅಂಚು ಒಂದು ಕಡೆ ಜಗ್ಗಿ ಕೆಳಗೆ ಜೋತಿದೆ, ಎರಡು ಬೆರಳಿನ ಅಗಲ, ಅವಳಿಗೆ ಕಾಣುವುದಿಲ್ಲ, ಬೆನ್ನ ಹಿಂದಿನದು ಯಾರಿಗೆ ಕಂಡೀತು, ಕರೆಯಬೇಕು, ಪರಿಮಳಾ ಎಂದರೆ ಸಾಕು, ಜೋತಿದೆ, ಎರಡು ಬೆರಳಿನ ಅಗಲ, ಹೆಜ್ಜೆ ಹೆಜ್ಜೆಗೂ ಅಲ್ಲಾಡುತ್ತಿದೆ, ಎರಡು ಬೆರಳಿನ ಅಗಲ, ಎರಡು ಬೆರಳಿನ