ಒಂಬತ್ತನೇ ಬೂಯಿ ತೆಗೆದ ಶನಿವಾರ

ಮೊದಲೇ ಹೇಳಿಬಿಡುತ್ತೇನೆ, ನಡುವೆ ಬಾಯಿ ಹಾಕಬೇಡಿ. ಹೋದ ಸಲದ ವಾಯ್ಸ್ ನೋಟ್ ಕೇಳಿ, 'ಮುದುಕನಿಗೆ ಅರಳುಮರಳು, ಇಸವಿಗಳನ್ನೆಲ್ಲ ಕಲಸಿಬಿಟ್ಟಿದ್ದಾನೆ' ಎಂದು ಗ್ರೂಪಿನಲ್ಲಿ ಹಲ್ಲುಕಿರಿಯುವ ಗೊಂಬೆ ಹಾಕಿದವರು ಯಾರ್ಯಾರೆಂದು ನನಗೆ ಗೊತ್ತು. ನಿನ್ನೆ ಏನು ಉಂಡೆ ಎಂದು ಕೇಳಿದರೆ ನಾನು ತಡವರಿಸುತ್ತೇನೆ, ಒಪ್ಪಿದೆ. ಆದರೆ ಎರಡು ಸಾವಿರದ ಎಂಟನೇ ಇಸವಿ, ಅಕ್ಟೋಬರ್ ಹದಿನೆಂಟು ಶನಿವಾರವಾಗಿತ್ತು. ಹೆರನ್ ಲೇಕಿನಲ್ಲಿ ಒಟ್ಟು ಇಪ್ಪತ್ತೆರಡು ಬೂಯಿಗಳಿದ್ದವು. ಒಂಬತ್ತನೆಯದರ ಕಿತ್ತಳೆ ಪಟ್ಟಿ ಅರ್ಧ ಸಿಪ್ಪೆ ಎದ್ದಿತ್ತು. ಆ ತಿಂಗಳದ್ದು ನಿಮಗೆ ನಿಮ್ಮ ಶೇರುಗಳ ಬೆಲೆ ಬಿಟ್ಟು ಬೇರೇನಾದರೂ ನೆನಪಿದೆಯೇ? ಇಲ್ಲ ತಾನೆ? ಹಾಗಾದರೆ ತೆಪ್ಪಗೆ ಕೇಳಿ.

ಇದು ಸತ್ತಾರನ ಕತೆ. ಮೈಸೂರಿನ ಮಂಡಿ ಮೊಹಲ್ಲಾದವನು. ಅಮೆರಿಕಕ್ಕೆ ಬಂದು, ಮಾರಿಸ್‌ಟೌನಿನ ಔಷಧಿ ಕಂಪನಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕೆಮಿಸ್ಟ್ ಆಗಿ ದುಡಿದು, ಅಲ್ಲಿಂದ ಅರ್ಧ ಗಂಟೆ ದೂರದ ಆ ಸರೋವರದ ದಂಡೆಯಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡಿದ್ದ. ಮನೆಯ ಹಿಂದೆಯೇ ನೀರು, ನೀರಿನಲ್ಲಿ ಒಂದು ಸಣ್ಣ ಅಲ್ಯೂಮಿನಿಯಂ ದೋಣಿ. ಈಜು ಮಾತ್ರ ಬರುತ್ತಿರಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಹುಟ್ಟಿದವನಿಗೆ ಈಜಲು ನೀರೆಲ್ಲಿತ್ತು? ದೋಣಿಗೆ ಕಾಲಿಡುವ ಮುಂಚೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಕುತ್ತಿಗೆಯವರೆಗೆ ಬಿಗಿದುಕೊಳ್ಳುತ್ತಿದ್ದ. ಅವನ ಹೆಂಡತಿ ದಿಲ್ಶಾದ್, 'ಮದುಮಗ ಹೊರಟ ನೋಡಿ' ಎಂದು ನಗುತ್ತಿದ್ದಳು.

ಬೂಯಿ ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ನೀರಿನಡಿ ಬಂಡೆ ಇರುವ ಕಡೆ ಸರಪಳಿ ಕಟ್ಟಿ ತೇಲಿಬಿಟ್ಟ ಬಿಳಿಯ ದಪ್ಪ ಕಂಬ ಅದು. ಮೈಮೇಲೆ ಕಿತ್ತಳೆ ಪಟ್ಟಿ, ಪಟ್ಟಿಯ ಕೆಳಗೆ ನಂಬರು. ಬೇಸಗೆಯೆಲ್ಲ ಅದನ್ನು ನೋಡಿಕೊಂಡು ದೋಣಿ ತಿರುಗಿಸಬೇಕು. ಚಳಿಗಾಲಕ್ಕೆ ಬಿಟ್ಟರೆ ಮಂಜುಗಡ್ಡೆ ಅದನ್ನು ಸರಪಳಿ ಸಮೇತ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಅಕ್ಟೋಬರ್ ಕೊನೆಯ ಶನಿವಾರ ಲೇಕ್ ಕ್ಲಬ್ಬಿನವರು ಎಲ್ಲವನ್ನೂ ಎತ್ತಿ ಶೆಡ್ಡಿಗೆ ಹಾಕುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು. ಎತ್ತುವ ಮುಂಚೆ, ಯಾರ ದೋಣಿ ಇನ್ನೂ ನೀರಿನಲ್ಲಿದೆಯೋ ಅವರಿಗೆಲ್ಲ ಒಬ್ಬ ಮನುಷ್ಯ ಖುದ್ದಾಗಿ ಫೋನು ಮಾಡಿ ಹೇಳಬೇಕು. ಈಮೇಲು ಗೀಮೇಲು ನಡೆಯದು. ಹೇಳಿದ ಮೇಲೆ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಟಿಕ್ ಹಾಕಬೇಕು. ಆ ವರ್ಷ ಆ ಕೆಲಸ ಸತ್ತಾರನ ಪಾಲಿಗೆ ಬಂದಿತ್ತು. ಕ್ಲಬ್ಬಿಗೆ ಸೇರಿ ಏಳು ವರ್ಷವಾದ ಮೇಲೆ ಮೊದಲ ಬಾರಿಗೆ ಅವನ ಕೈಗೊಂದು ಜವಾಬ್ದಾರಿ ಕೊಟ್ಟಿದ್ದರು.

ಪಕ್ಕದ ಮನೆಯವನು ಟೋನಿ. ಜರ್ಸಿ ಸಿಟಿಯಲ್ಲೇ ಹುಟ್ಟಿದವನು, ಅಪ್ಪ ಅಮ್ಮ ಮಂಗಳೂರಿನ ಕ್ರಿಶ್ಚಿಯನ್ನರು. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಜರ್ಸಿ ಸಿಟಿಯ ಒಂದು ಫೈನಾನ್ಸ್ ಆಫೀಸಿನಲ್ಲಿ ಕೆಲಸ. ಅಪ್ಪ ತೀರಿಹೋದ ಮೇಲೆ ಅಮ್ಮ ಸಿಸಿಲಿ ಬಾಯಿಯನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಸತ್ತಾರ್ ಆ ದಂಡೆಗೆ ಬಂದ ಮೊದಲ ವರ್ಷ, ಅಂದರೆ ಅವಳಿ ಗೋಪುರ ಬಿದ್ದ ವರ್ಷವೇ, ದೋಣಿಯಲ್ಲಿ ಕುಳಿತು ಬಂಡೆಗಳ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಚರ್ಚಿನ ಗೋಪುರವೂ ಕೆಂಪು ಬೋಟ್‌ಹೌಸೂ ಒಂದೇ ಗೆರೆಗೆ ಬಂದರೆ ಇಂಥ ಬಂಡೆ, ಹೀಗೆ. ಗಡ್ಡದವನೊಬ್ಬ ನೀರಿನಲ್ಲಿ ಏನೋ ಅಳೆಯುತ್ತಿದ್ದಾನೆ ಎಂದು ಯಾರೋ ಪೊಲೀಸರಿಗೆ ಫೋನು ಮಾಡಿದರು. ಪೊಲೀಸರು ಬಂದು ಇವನನ್ನು ದಂಡೆಯ ಮೇಲೆ ನಿಲ್ಲಿಸಿಕೊಂಡಾಗ ಟೋನಿ ಬರಿಗಾಲಲ್ಲಿ ಓಡಿಬಂದು, "ಹೀ ಈಸ್ ಮೈ ಅಂಕಲ್, ಆಫೀಸರ್" ಎಂದಿದ್ದ. ಅವತ್ತಿನವರೆಗೆ ಇಬ್ಬರೂ ಹತ್ತು ಮಾತು ಕೂಡ ಆಡಿರಲಿಲ್ಲ. ಇದನ್ನು ನೆನಪಿನಲ್ಲಿಡಿ.

ಇನ್ನು ಎರಡು ಸಾವಿರದ ಎಂಟರ ಸೆಪ್ಟೆಂಬರಿನಲ್ಲಿ ಮ್ಯಾನ್‌ಹಟನ್ನಿನ ದೊಡ್ಡ ದೊಡ್ಡ ಫೈನಾನ್ಸ್ ಆಫೀಸುಗಳು ದಿವಾಳಿಯೆದ್ದು ಮಗುಚಿಕೊಂಡವು. ಆಚೆ ದಂಡೆಯಲ್ಲಿ ಒಂದೊಂದೇ ಮನೆ ಖಾಲಿಯಾಗಿ, ಬಾಗಿಲಿಗೆ ಬ್ಯಾಂಕಿನ ಕಾಗದ ಅಂಟಿಕೊಂಡಿತು. ಖಾಲಿ ಮನೆಗೆ ಕಳ್ಳರು ನುಗ್ಗಿ ತಾಮ್ರದ ಪೈಪುಗಳನ್ನು ಕಿತ್ತೊಯ್ಯುತ್ತಿದ್ದರು. ಕ್ಲಬ್ಬಿನಲ್ಲಿ ಅದೇ ಮಾತು. ಸರಿಯಾಗಿ ಆಗಲೇ ಟೋನಿಯ ಸವಾರಿ ಶುರುವಾದದ್ದು.

ಸಂಜೆ ಐದೂವರೆಗೆ ಅವನ ಪಾಂಟೂನ್ ದೋಣಿ ಹೊರಡುತ್ತಿತ್ತು. ಎರಡು ಉದ್ದನೆಯ ಕೊಳವೆಗಳ ಮೇಲೆ ಜಗಲಿ ಕೂರಿಸಿದಂಥ ಅಗಲ ದೋಣಿ ಅದು. ಜಗಲಿಯ ಮೇಲೆ ನೀಲಿ ಟಾರ್ಪಾಲು ಹೊದಿಸಿದ ಗುಡ್ಡೆ. ಹೋಗುವಾಗ ದೋಣಿ ನೀರಿನಲ್ಲಿ ಕುಸಿದು ಹೋಗುತ್ತಿತ್ತು, ಬರುವಾಗ ಹಗುರಾಗಿ ಕುಣಿಯುತ್ತಾ ಬರುತ್ತಿತ್ತು. ಹಕ್ಕಿ ನೋಡಲೆಂದು ಕೊಂಡ ದುರ್ಬೀನು ಸತ್ತಾರನ ಕಣ್ಣಿಗೆ ಅಂಟಿಕೊಂಡಿತು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಾರೀಖು, ಗಂಟೆ ಬರೆದಿಡತೊಡಗಿದ.

ಒಂದು ದಿನ ಬೇಲಿಯ ಬಳಿ ಸಿಕ್ಕಾಗ ಕೇಳಿಯೇಬಿಟ್ಟ. "ಏನಪ್ಪಾ ಟೋನಿ, ದಿನಾ ಎಲ್ಲಿಗೆ?"

"ಜಸ್ಟ್ ಫಿಶಿಂಗ್, ಅಂಕಲ್."

"ಗಾಳ ಕಾಣ್ಲಿಲ್ಲ?"

ಟೋನಿ ನಕ್ಕ. ನಗು ಹಲ್ಲಿನಿಂದ ಮೇಲಕ್ಕೆ ಹೋಗಲಿಲ್ಲ. "ಬೋಟ್‌ನಲ್ಲೇ ಇದೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಏಳು ವರ್ಷದಲ್ಲಿ ಮೊದಲ ಸಲ ಚಿಲಕದ ಸದ್ದು ಕೇಳಿಸಿತು.

ಸೋಮವಾರ ಗಾಳಿಗೆ ಟಾರ್ಪಾಲಿನ ಒಂದು ಮೂಲೆ ಎದ್ದಿತು. ದುರ್ಬೀನಿನಲ್ಲಿ ತಾಮ್ರ ಥಳಕ್ಕೆಂದಿತು.

"ತಾಮ್ರ! ನನ್ನ ಕಣ್ಣಾರೆ ನೋಡ್ದೆ ದಿಲ್ಶಾದ್."

"ನೋಡಿದ್ರೆ ನೋಡಿ. ಹುಡುಗ ಅಂಥವನಲ್ಲ."

"ಯಾರ ಹಣೇಲಿ ಏನು ಬರ್ದಿದೆ? ಟೈ ಕಟ್ಟೋರೇ ಅಲ್ವಾ ದೇಶಾನೆಲ್ಲ ಕೊಳ್ಳೆ ಹೊಡೆದಿದ್ದು?"

"ಮೊದ್ಲು ಆ ದುರ್ಬೀನು ಕೆಳಗಿಡ್ರೀ. ಅವತ್ತು ಪೊಲೀಸ್ನೋರ ಮುಂದೆ ನಿಮ್ಮ ಪರ ನಿಂತೋನು ಯಾರು? ನಿಮ್ಮನ್ನೂ ಹಿಂಗೇ ಯಾರೋ ಕಿಟಕಿಯಿಂದ ನೋಡಿದ್ದು, ಮರೆತ್ರಾ?"

ಸತ್ತಾರ್ ದುರ್ಬೀನಿನ ಗಾಜು ಒರೆಸಿದ. ಅನುಮಾನ ಹೊಕ್ಕ ತಲೆಗೆ ಹೆಂಡತಿಯ ಮಾತು ಎಲ್ಲಿ ಇಳಿಯುತ್ತದೆ? ತನಗೆ ಆದದ್ದು ಅನ್ಯಾಯ, ತಾನು ಮಾಡುತ್ತಿರುವುದು ಎಚ್ಚರಿಕೆ ಎಂದುಕೊಂಡ.

ಬುಧವಾರ ಕ್ಲಬ್ಬಿನ ಸೆಕ್ರೆಟರಿ ಫೋನು ಮಾಡಿದ. ಅಣೆಕಟ್ಟಿನ ರಿಪೇರಿಗೆಂದು ನೀರನ್ನು ಬೇಗ ಇಳಿಸುತ್ತಾರಂತೆ, ಅದಕ್ಕೆ ಬೂಯಿ ಎತ್ತುವುದು ಒಂದು ವಾರ ಮುಂಚೆ, ಇದೇ ಶನಿವಾರ. ಎಲ್ಲರಿಗೂ ತಿಳಿಸಿಬಿಡು ಎಂದ. ನೀರಿನಲ್ಲಿದ್ದದ್ದು ಹನ್ನೊಂದು ದೋಣಿ. ಸತ್ತಾರ್ ಚಹಾ ಮುಂದಿಟ್ಟುಕೊಂಡು ಹತ್ತು ಮನೆಗೆ ಫೋನು ಮಾಡಿದ, ಹತ್ತು ಟಿಕ್ ಹಾಕಿದ. ಹನ್ನೊಂದನೆಯ ಹೆಸರು ಟೋನಿಯದು.

ಬೆರಳು ಗುಂಡಿಯ ಮೇಲೆಯೇ ನಿಂತಿತು.

ಆಚೆ ದಂಡೆಗೆ ಹೋಗುವ ದಾರಿಯಲ್ಲಿ ಒಂಬತ್ತನೇ ಬೂಯಿ ಇತ್ತು. ಅದು ಕಂಡ ಕೂಡಲೇ ದೋಣಿಯನ್ನು ಎಡಕ್ಕೆ ತಿರುಗಿಸುವುದು ಎಲ್ಲರ ರೂಢಿ. ಅದು ಕಾಣದಿದ್ದರೆ, ಇನ್ನೂ ಬಂದಿಲ್ಲ ಎಂದುಕೊಂಡು ನೆಟ್ಟಗೆ ಬಂಡೆಯ ಮೇಲೆಯೇ ಹೋಗುತ್ತಾರೆ. ಹೋಗಲಿ, ಎಂದುಕೊಂಡ ಸತ್ತಾರ್. ಪ್ರೊಪೆಲರ್ ಮುರಿದು ದೋಣಿ ಬಂಡೆಯ ಮೇಲೆ ಕೂರುತ್ತದೆ. ಬಿಡಿಸಲು ಪೊಲೀಸರ ದೋಣಿ ಬರುತ್ತದೆ. ಟಾರ್ಪಾಲಿನಡಿ ಏನಿದೆಯೆಂದು ಊರೇ ನೋಡುತ್ತದೆ. ನಾನು ಯಾರ ಮೇಲೂ ದೂರು ಕೊಟ್ಟ ಹಾಗೂ ಆಗುವುದಿಲ್ಲ.

ಫೋನು ಕೆಳಗಿಟ್ಟ. ಹನ್ನೊಂದನೆಯ ಹೆಸರಿನ ಮುಂದೆ ಟಿಕ್ ಹಾಕಿದ.

ಶನಿವಾರ ಬೆಳಿಗ್ಗೆ ಏಳು ಜನ ಸೇರಿ ಬೂಯಿಗಳನ್ನು ಎತ್ತಿದರು. ಒಂಬತ್ತನೆಯದರ ಸರಪಳಿಗೆ ಪಾಚಿ, ಸಣ್ಣ ಕಪ್ಪೆಚಿಪ್ಪುಗಳು ಮೆತ್ತಿಕೊಂಡು ಕೊಳಕು ನಾತ ಬರುತ್ತಿತ್ತು. ಅದನ್ನು ಎಳೆಯುವಾಗ ಸೆಕ್ರೆಟರಿ ಕೇಳಿದ, "ಎವ್ರಿಬಡಿ ಗಾಟ್ ಅ ಕಾಲ್?"

"ಎವ್ರಿಬಡಿ" ಎಂದ ಸತ್ತಾರ್.

ಟೋನಿ ಅಂದು ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೋದವನು ಐದು ಗಂಟೆಯವರೆಗೂ ಬರಲಿಲ್ಲ. ಹಾಗಾಗಿ ನೀರು ಬೋಳಾದದ್ದನ್ನು ಅವನು ನೋಡಲೇ ಇಲ್ಲ. ಐದೂ ಮುಕ್ಕಾಲಿಗೆ, ಬಿಸಿಲು ಮರಗಳ ಹಿಂದೆ ಇಳಿಯುತ್ತಿರುವಾಗ, ದಿಲ್ಶಾದ್ ಹಿತ್ತಿಲಿನಿಂದ ಕೂಗಿದಳು.

"ಏನ್ರೀ, ಇಲ್ಲಿ ಬನ್ನಿ! ಸಿಸಿಲಿ ಬಾಯಿ ಕೂಡ ದೋಣೀಲಿ ಕೂತಿದ್ದಾರೆ!"

ಸತ್ತಾರ್ ದುರ್ಬೀನು ಎತ್ತಿದ. ದೋಣಿ ದಂಡೆ ಬಿಟ್ಟಾಗಿತ್ತು. ಅವತ್ತು ಟಾರ್ಪಾಲು ಇರಲಿಲ್ಲ. ಜಗಲಿಯ ನಡುವೆ ಮಡಚುವ ಕುರ್ಚಿಯಲ್ಲಿ ಎಪ್ಪತ್ತಾರರ ಸಿಸಿಲಿ ಬಾಯಿ, ಸೀರೆಯ ಮೇಲೆ ದಪ್ಪ ಕೋಟು, ಮಡಿಲಲ್ಲಿ ಮಾತೆ ಮರಿಯಮ್ಮನ ಗಾಜಿನ ಪಟ. ಸುತ್ತಿದ ಹಾಸಿಗೆ, ರುಬ್ಬುವ ಕಲ್ಲು, ಅದರ ಪಕ್ಕದಲ್ಲಿ ತಾಮ್ರದ ಹಂಡೆ.

ಅದೇ ಹಂಡೆ. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಮನೆಯಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ತಿನ್ನುವಾಗ ಸತ್ತಾರ್ ಕೂರುತ್ತಿದ್ದದ್ದು ಅದರ ಪಕ್ಕದಲ್ಲೇ. ಅದರಲ್ಲಿ ಕೊಡೆಗಳನ್ನು ಇಡುತ್ತಿದ್ದರು. ಮೈಸೂರಿನಲ್ಲಿ ಹುಟ್ಟಿ, ಹಂಡೆಯ ನೀರಿನಲ್ಲಿ ಮೈ ತೊಳೆದು ಬೆಳೆದ ಮನುಷ್ಯ ಹಂಡೆಯ ಅಂಚನ್ನು ನೋಡಿ ಪೈಪು ಅಂದುಕೊಂಡಿದ್ದ!

"ಮನೆ ಖಾಲಿ ಮಾಡ್ತಿದ್ದಾರೆ" ಎಂದಳು ದಿಲ್ಶಾದ್ ಮೆಲ್ಲಗೆ. ಆಮೇಲೆ ಅವನ ಮುಖ ನೋಡಿದಳು. "ಯಾಕೆ ಹಿಂಗಾದ್ರಿ? ಅವನಿಗೆ ಫೋನ್ ಮಾಡಿದ್ರಿ ತಾನೆ?"

ಸತ್ತಾರ್ ಆಗ ಫೋನು ಮಾಡಿದ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಮೋಟಾರಿನ ಸದ್ದಿನಲ್ಲಿ ಟೋನಿಗೆಲ್ಲಿ ಕೇಳಬೇಕು? ಮುದುಕಿಯ ಮೈಮೇಲೆ ಲೈಫ್ ಜಾಕೆಟ್ಟಿರಲಿಲ್ಲ. ಕಲ್ಲಿನ ಭಾರಕ್ಕೆ ದೋಣಿಯ ಮೂತಿ ನೀರಿಗೆ ತಾಗುವಂತಿತ್ತು. ಅಕ್ಟೋಬರ್ ನೀರು, ಬಿದ್ದರೆ ಹತ್ತು ನಿಮಿಷದಲ್ಲಿ ಕೈಕಾಲು ಸೆಟೆದುಕೊಳ್ಳುವ ನೀರು.

ನೋಟ್‌ಬುಕ್ಕನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸತ್ತಾರ್ ತನ್ನ ದೋಣಿಗೆ ಹಾರಿದ. ಅವನ ದಂಡೆಯಿಂದ ಬಂಡೆಗೆ ದಾರಿ ಹತ್ತಿರ. ಟೋನಿ ಕೊಲ್ಲಿಯನ್ನು ಬಳಸಿ ಬರಬೇಕು. ಆದರೆ ಬಂಡೆ ಎಲ್ಲಿ? ಬೆಳಿಗ್ಗೆ ತಾನೇ ಬೂಯಿ ಎಳೆದ ಜಾಗ ಈಗ ಬರೀ ಬೂದು ನೀರು. ನೋಟ್‌ಬುಕ್ ತೆರೆದ. ಪೊಲೀಸರು ಹಾಳೆ ಹಾಳೆ ತಿರುವಿ ನೋಡಿದ್ದ ಅದೇ ನೋಟ್‌ಬುಕ್. ಚರ್ಚಿನ ಗೋಪುರ, ಕೆಂಪು ಬೋಟ್‌ಹೌಸ್. ಎರಡೂ ಒಂದೇ ಗೆರೆಗೆ ಬರುವವರೆಗೆ ಹೋದ, ಹುಟ್ಟಿನಿಂದ ತಿವಿದ. ಮೊಳಕೈ ಆಳದಲ್ಲಿ ಕಲ್ಲು ಠಕ್ ಎಂದಿತು. ಲಂಗರು ಹಾಕಿದ.

ಪಾಂಟೂನ್ ನೇರವಾಗಿ ಅವನ ಕಡೆಗೇ ಬರುತ್ತಿತ್ತು. ಕೂಗಿದ, ಕೇಳಿಸಲಿಲ್ಲ. ಆಗ ಈಜು ಬಾರದ ಆ ಮನುಷ್ಯ ಅಲ್ಲಾಡುವ ದೋಣಿಯಲ್ಲಿ ಎದ್ದು ನಿಂತು, ಮೈಮೇಲಿದ್ದ ಕಿತ್ತಳೆ ಜಾಕೆಟ್ಟನ್ನು ಬಿಚ್ಚಿ ತಲೆಯ ಮೇಲೆ ಬೀಸಿದ.

ಇಪ್ಪತ್ತು ಗಜ ದೂರದಲ್ಲಿ ಟೋನಿ ಮೋಟಾರು ನಿಲ್ಲಿಸಿದ.

"ಅಂಕಲ್! ಆರ್ ಯೂ ಕ್ರೇಜಿ? ಕೂತ್ಕೊಳ್ಳಿ! ನೈನ್ ಎಲ್ಲಿ?"

"ತೆಗೆದ್ವಿ. ಬೆಳಿಗ್ಗೆ. ನನ್ನ ಕೆಳಗೇ ಇದೆ ಬಂಡೆ."

"ನೆಕ್ಸ್ಟ್ ವೀಕ್ ಅಲ್ವಾ? ನೋಬಡಿ ಟೋಲ್ಡ್ ಮೀ."

ಸತ್ತಾರನ ಬಾಯಿಗೆ ನಿಜ ಬಂದಿತ್ತಂತೆ. ನಾಲಿಗೆಯ ತುದಿಯವರೆಗೆ ಬಂದಿತ್ತಂತೆ. ಬಾಯಿ ತೆರೆದಾಗ ಹೊರಬಂದದ್ದು ಬೇರೆ.

"ಫೋನ್ ಮಾಡಿದ್ದೆ ಕಣಪ್ಪ. ನೀನು ಎತ್ತಲಿಲ್ಲ."

ಟೋನಿ ಜೇಬಿನಿಂದ ಫೋನು ತೆಗೆದ. ಮಿಸ್ಡ್ ಕಾಲ್ ಇತ್ತು, ಒಂದೇ ಒಂದು, ಹತ್ತು ನಿಮಿಷದ ಹಿಂದಿನದು. ಪರದೆಯನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಸತ್ತಾರನನ್ನು ನೋಡಿದ.

"ಸಾರಿ ಅಂಕಲ್" ಎಂದ. "ಮೈ ಫಾಲ್ಟ್."

ಸಿಸಿಲಿ ಬಾಯಿ ಪಟವನ್ನು ಎದೆಗೊತ್ತಿಕೊಂಡು ಅಳುತ್ತಿದ್ದರು. "ಎಂಥ ಹೇಳುದು ಮಾರಾಯ್ರೆ. ಇವನ ಕೆಲಸ ಹೋಯ್ತು, ಮನೆಯೂ ಹೋಯ್ತು. ಆಚೆ ಬದಿ ನನ್ನ ಚರ್ಚಿನ ಗೆಳತಿಯ ಎರಡು ಕೋಣೆ ಉಂಟು. ಲಾರಿ ಬಂದ್ರೆ ಊರಿಗೆಲ್ಲ ಗೊತ್ತಾಗ್ತದೆ, ದೋಣಿಯಲ್ಲೇ ಸಾಗಿಸು ಅಂತ ನಾನೇ ಹೇಳಿದ್ದು. ನಿಮಗೊಬ್ಬರಿಗಾದ್ರೂ ಹೇಳ್ಬೇಕಿತ್ತು. ನೀವು ಇಲ್ದಿದ್ರೆ ಇವತ್ತು ನಾವು ಉಂಟಾ?" ಎಂದು ಹೇಳಿ ಮಗನ ಕಡೆ ತಿರುಗಿದರು. "ಆ ಹಂಡೆ ಅವರಿಗೆ ಕೊಡು ಟೋನಿ. ಸೋಮವಾರ ಒಯ್ದು, ಅಲ್ಲಿ ಇಡ್ಲಿಕ್ಕೆ ಜಾಗ ಇಲ್ಲದೆ ವಾಪಸ್ ತಂದದ್ದು, ಬಿಡ್ಲಿಕ್ಕೆ ಮನಸ್ಸಾಗದೆ ಇವತ್ತು ಮತ್ತೆ ಹೇರಿದ್ದು."

ಬೇಡ ಬೇಡ ಎಂದರೂ ಕೇಳಲಿಲ್ಲ. ಸತ್ತಾರ್ ಲಂಗರು ಎತ್ತಿ ಪಕ್ಕಕ್ಕೆ ಬಂದಾಗ ಟೋನಿ ಹಂಡೆಯನ್ನು ಅವನ ದೋಣಿಗೆ ದಾಟಿಸಿದ.

ಕ್ಲಬ್ಬಿನವರು ಸತ್ತಾರನ ಬೆನ್ನು ತಟ್ಟಿದರು. ಪಟ್ಟಿಯನ್ನು ಯಾರೂ ನೋಡಲಿಲ್ಲ, ನೋಡಿದ್ದರೂ ಅದರಲ್ಲಿ ಹನ್ನೊಂದು ಟಿಕ್ ಸರಿಯಾಗಿಯೇ ಇದ್ದವು. ದಿಲ್ಶಾದ್ ಮಾತ್ರ ಹಂಡೆಯನ್ನು ಒಳಗೆ ತರಗೊಡದೆ ಒಂದು ವಾರ ಹೊರಗೇ ಇಟ್ಟಳು. ವಸಂತದಲ್ಲಿ ಬೂಯಿಗಳನ್ನು ಮತ್ತೆ ಬಿಡುವ ಹೊತ್ತಿಗೆ ತಾಯಿ ಮಗ ಆ ಎರಡು ಕೋಣೆಯನ್ನೂ ಬಿಟ್ಟು ಹೋಗಿದ್ದರು. ಟೆಕ್ಸಸ್ ಎಂದರು ಕೆಲವರು, ಫ್ಲಾರಿಡಾ ಎಂದರು ಕೆಲವರು. ಹಳೆಯ ನಂಬರಿಗೆ ಸತ್ತಾರ್ ವರ್ಷಗಟ್ಟಲೆ ಫೋನು ಮಾಡಿದ. ಯಾರದೋ ಬೇರೆ ದನಿ ಬರುತ್ತಿತ್ತು. ಟೋನಿಗೆ ಅವತ್ತೇ ಗೊತ್ತಾಗಿತ್ತೋ, ಗೊತ್ತಾಗಿಯೂ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡನೋ? ಅದೊಂದು ಹುಳ ಸತ್ತಾರನನ್ನು ಕೊನೆಯವರೆಗೂ ಕೊರೆಯಿತು. ನನಗೆ ಇದನ್ನು ಮೂರು ಸಲ ಹೇಳಿದ್ದಾನೆ. ಮೂರು ಸಲವೂ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹೋದ ಚಳಿಗಾಲ ಅವನೂ ಹೋದ.

ಈಗ ನಿಮ್ಮ ಕೆಲಸ. ನಿಮ್ಮ ನೂರಾರು ಗ್ರೂಪುಗಳಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುತ್ತೀರಲ್ಲ, ಅದರ ಬದಲು ಇದನ್ನು ಕಳಿಸಿ. ಮಂಗಳೂರಿನ ಕಡೆಯವರು, ಜರ್ಸಿ ಸಿಟಿಯ ಹಳಬರು, ಟೆಕ್ಸಸ್ಸಿನವರು, ಎಲ್ಲರಿಗೂ ದಾಟಿಸಿ. ಎಲ್ಲಾದರೂ ಸುತ್ತಿ ಟೋನಿಯ ಕಿವಿಗೆ ಬೀಳಲಿ. ನಿನ್ನ ಫೋನು ಬುಧವಾರ ರಿಂಗಾಗಿರಲಿಲ್ಲಪ್ಪ, ತಪ್ಪು ನಿನ್ನದಲ್ಲ. ಹಂಡೆ ವೆಸ್ಟ್ ವಿಂಡ್ಸರಿನಲ್ಲಿ ಮಗಳ ಮನೆಯಲ್ಲಿರುವ ದಿಲ್ಶಾದ್ ಆಂಟಿಯ ಹತ್ತಿರ ಇದೆ. ಹುಣಸೆಹಣ್ಣು ಹಾಕಿ ಬೆಳಗಿ ಇಟ್ಟಿದ್ದಾಳೆ. ಬಂದು ತೆಗೆದುಕೊಂಡು ಹೋಗು.