ಪೊಟ್ಯಾಷ್ ಅಲ್ಲದ ಗುಲಾಬಿ ಕಲ್ಲು

ಸಿದ್ಧಕಟ್ಟೆಯ ಕಲ್ಲುಪುಡಿ ಮಿಲ್ಲಿನ ಲ್ಯಾಬಿಗೆ ದೀಪಶ್ರೀ ಸೇರಿ ನಾಲ್ಕು ತಿಂಗಳಾಗಿತ್ತು. ಘಟ್ಟದ ಮೇಲಿನಿಂದ ಬರುವ ಫೆಲ್ಡ್‌ಸ್ಪಾರ್ ಕಲ್ಲನ್ನು ಅಲ್ಲಿ ಹಿಟ್ಟಿನಷ್ಟು ನುಣ್ಣಗೆ ಬೀಸುತ್ತಿದ್ದರು. ಪೊಟ್ಯಾಷ್ ಹೆಚ್ಚಿರುವ ಕಲ್ಲು ಕರೆಂಟು ಕಂಬದ ಪಿಂಗಾಣಿ ಇನ್ಸುಲೇಟರಿಗೆ ಹೋಗುತ್ತಿತ್ತು, ಸೋಡಾ ಹೆಚ್ಚಿರುವ, ಬೇಗ ಕರಗುವ ಕಲ್ಲು ಟೈಲ್ಸಿಗೆ.

ಕಲ್ಲು ಹೆಕ್ಕಿ ಬೇರೆ ಮಾಡುವವನು ಕೊಕ್ಕಡದ ರುಕ್ಮಯ್ಯ. ಗುಲಾಬಿ ಬಣ್ಣದ್ದು ಪೊಟ್ಯಾಷ್, ಬಿಳಿಯದು ಸೋಡಾ. ಇಪ್ಪತ್ತೆರಡು ವರ್ಷ ಅವನ ಲೆಕ್ಕ ತಪ್ಪಿರಲಿಲ್ಲ, ಏಕೆಂದರೆ ಅಷ್ಟೂ ವರ್ಷ ಕಲ್ಲು ಬಂದದ್ದು ಒಂದೇ ಕೋರೆಯಿಂದ. ಈ ಸಲದ ಲಾರಿ ಹೊಸ ಕೋರೆಯದು. ರಾಶಿಯೆಲ್ಲ ಗುಲಾಬಿ. ರುಕ್ಮಯ್ಯ ಒಮ್ಮೆ ಕಣ್ಣಾಡಿಸಿ, "ಎಲ್ಲ ಇನ್ಸುಲೇಟರಿಗೆ" ಎಂದ.

ದೀಪಶ್ರೀ ರಾಶಿಯ ಹತ್ತು ಕಡೆಯಿಂದ ಕಲ್ಲು ತಂದು, ಒಂದೊಂದು ತುಂಡು ತೆಗೆದಿಟ್ಟು, ಉಳಿದದ್ದನ್ನು ಪುಡಿಮಾಡಿ, ಒತ್ತಿ, ಹತ್ತು ಬಿಲ್ಲೆ ಕಟ್ಟಿ ಕುಲುಮೆಗಿಟ್ಟಳು. ಮಾರನೆಯ ಬೆಳಿಗ್ಗೆ ತೆರೆದರೆ ಆರು ಬಿಲ್ಲೆಗಳು ಹೊಳಪೇರಿ ನೆಟ್ಟಗೆ ನಿಂತಿದ್ದವು. ನಾಲ್ಕು ಕರಗಿ ತಟ್ಟೆಗೆ ಹರಡಿದ್ದವು. ಅವಳು ಗಾಬರಿಯಾಗಲಿಲ್ಲ. ಉಳಿದ ಪುಡಿಯಿಂದ ಇನ್ನೊಮ್ಮೆ ಸುಟ್ಟಳು. ಅದೇ ನಾಲ್ಕು ಮತ್ತೆ ಹರಡಿದವು.

ಮಿಲ್ಲಿನ ಯಜಮಾನ್ತಿ ಶಶಿಪ್ರಭಾ ಬಿಲ್ಲೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಕುಲುಮೆ ಸರಿ ಉಂಟಲ್ವಾ?"

"ಉಂಟು ಅಕ್ಕ. ಎರಡು ಸಲ ಸುಟ್ಟಿದ್ದೇನೆ. ಈ ನಾಲ್ಕು ಸೋಡಾ. ಇದನ್ನು ಬೆರೆಸಿ ಕೊಟ್ಟರೆ ಅವರ ಇನ್ಸುಲೇಟರ್ ಭಟ್ಟಿಯಲ್ಲೇ ಸೊಟ್ಟಗಾಗ್ತದೆ. ನಾನು ವರದಿಗೆ ಸೈನು ಹಾಕುವುದಿಲ್ಲ."

ಬಾಗಿಲ ಬಳಿ ನಿಂತಿದ್ದ ರುಕ್ಮಯ್ಯನ ಮುಖ ಕೆಂಪಾಯಿತು. "ಗುಲಾಬಿ ಕಲ್ಲು ಸೋಡಾ ಆಗ್ತದಾ ಮಾರಾಯ್ತಿ? ನೀನು ಹುಟ್ಟುವ ಮೊದಲಿಂದ ನೋಡ್ತಿದ್ದೇನೆ."

"ಬಣ್ಣ ಬರೀ ಕಬ್ಬಿಣದ್ದು ರುಕ್ಮಯ್ಯಣ್ಣ, ಯಾವ ಕಲ್ಲಿಗೂ ಹತ್ತಬಹುದು. ಬನ್ನಿ, ಒಡೆದು ನೋಡುವ."

ನೆಟ್ಟಗೆ ನಿಂತ ಬಿಲ್ಲೆಯ ಕಲ್ಲೊಂದನ್ನು, ಹರಡಿದ ಬಿಲ್ಲೆಯ ಕಲ್ಲೊಂದನ್ನು ಅವಳು ಅವನ ಕೈಗಿತ್ತಳು. ಅಂಗಳದಲ್ಲಿ ರುಕ್ಮಯ್ಯ ಎರಡನ್ನೂ ಸುತ್ತಿಗೆಯಿಂದ ಒಡೆದ. ಒಡೆದ ಮೈಯನ್ನು ಬಿಸಿಲಿಗೆ ಹಿಡಿದು ಆಚೀಚೆ ಹೊರಳಿಸಿದ.

"ಈ ಹರಡಿದ್ದರ ಕಲ್ಲಲ್ಲಿ ಗೆರೆ ಉಂಟು," ಎಂದ ಕೊನೆಗೆ. "ಸ್ಕೇಲಿಟ್ಟು ಎಳೆದ ಹಾಗೆ, ಕೂದಲಿಗಿಂತ ಸಪೂರ. ಅದರಲ್ಲಿ ಇಲ್ಲ."

ದೀಪಶ್ರೀ ಬಗ್ಗಿ ನೋಡಿದಳು. ಸೋಡಾ ಕಲ್ಲಿಗೆ ಅಂಥ ಗೆರೆಗಳಿರುತ್ತವೆಂದು ಮೂಡಬಿದ್ರೆಯ ಕಾಲೇಜಿನಲ್ಲಿ ಓದಿದ್ದಳು, ಆದರೆ ಲೆನ್ಸಿಲ್ಲದೆ ಕಾಣುವ ಕಣ್ಣು ಅವಳಿಗಿರಲಿಲ್ಲ. "ಹಾಗಾದರೆ ಇಡೀ ರಾಶಿಯನ್ನು ನೀವು ಬೇರೆ ಮಾಡಬಹುದು!"

"ಮಾಡ್ತೇನೆ. ಎರಡು ದಿನ ಕೊಡಿ, ಇಬ್ಬರು ಆಳು ಕೊಡಿ."

ಶಶಿಪ್ರಭಾ ಅಲ್ಲೇ ಇನ್ಸುಲೇಟರ್ ಕಂಪನಿಗೆ ಫೋನು ಮಾಡಿ, ಮಾಲು ಎರಡು ದಿನ ತಡವಾಗುತ್ತದೆ, ಕಾರಣ ಇಂಥದ್ದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಮೂರನೆಯ ದಿನ ಹೆಕ್ಕಿ ಉಳಿಸಿದ ಪೊಟ್ಯಾಷ್ ರಾಶಿಯಿಂದ ಕಟ್ಟಿದ ಹತ್ತಕ್ಕೆ ಹತ್ತು ಬಿಲ್ಲೆಗಳೂ ನೆಟ್ಟಗೆ ನಿಂತವು. ದೀಪಶ್ರೀ ವರದಿಗೆ ಸೈನು ಹಾಕಿದಳು. ಬೇರೆ ಮಾಡಿದ ಸೋಡಾ ಕಲ್ಲು ಟೈಲ್ಸಿನವರಿಗೆ ಹೊರಟಿತು.

ಮುಂದಿನ ಲಾರಿ ಬಂದಾಗ ರುಕ್ಮಯ್ಯ ಹೊರೆ ಇಳಿಸಲು ಬಿಡದೆ ಲ್ಯಾಬಿನ ಬಾಗಿಲಿಗೆ ಬಂದ.

"ದೀಪಕ್ಕಾ, ಮೊದಲು ನಾಲ್ಕು ಕಲ್ಲು ಒಡೆಯುವ, ಬನ್ನಿ."